ನನ್ನ ಅಂಕಣದ ನಾಲ್ಕು ಚೀಲ

ಉಳಿದ ಚೂರುಗಳನ್ನು ಏನು ಮಾಡಬೇಕು ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಸೆದುಬಿಡು ಅನ್ನುತ್ತಾರೆ, ಸುಟ್ಟುಬಿಡು ಅನ್ನುತ್ತಾರೆ, ಮಕ್ಕಳಿಗೆ ಕೊಡು ಅನ್ನುತ್ತಾರೆ. ಅವರಲ್ಲಿ ಒಬ್ಬರೂ ಬೆರಳ ತುದಿಯಲ್ಲಿ ಬ್ಲೇಡು ಹಿಡಿದು ಒಂದು ಗಂಟೆ ಕೂತವರಲ್ಲ. ಎರಡು ಇಂಚಿನ ಬಾಗಿಲಿಗೆ ಚಿಲಕ ಮಾಡಲು ಎಂಥ ತಂತಿ ಬೇಕು, ಅದು ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ, ಯಾರದೋ ಕೆಟ್ಟುಹೋದ ಇಯರ್‌ಫೋನ್ ಸೀಳಿದರೆ ಮಾತ್ರ ಯಾಕೆ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಬಾಯಿ ಮುಚ್ಚಿಕೊಂಡಿರಬಹುದಲ್ಲ. ಅದೂ ಅವರಿಂದ ಆಗುವುದಿಲ್ಲ.

ನಾನು ಪುಟ್ಟ ಕಟ್ಟಡಗಳನ್ನು ಕಟ್ಟುತ್ತೇನೆ. ಮಾರುವುದಕ್ಕಲ್ಲ, ನನ್ನ ಖುಷಿಗೆ. ಹೊಟ್ಟೆಪಾಡಿಗೆ ತಿಪಟೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ, ನಾಮಕರಣ, ಹುಟ್ಟುಹಬ್ಬ, ಶ್ರದ್ಧಾಂಜಲಿಗಳ ಬೋರ್ಡು ಮಾಡಿಕೊಡುತ್ತೇನೆ. ಸತ್ತವರ ಮುಖವನ್ನೂ ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದು ಕೇಳುವ ಜನರ ಮಧ್ಯೆ ದಿನಕ್ಕೆ ಒಂಬತ್ತು ಗಂಟೆ ಕಳೆಯುತ್ತೇನೆ. ಅಲ್ಲಿ ಸನ್‌ಬೋರ್ಡ್ ಕತ್ತರಿಸಿದಾಗ ಅಂಚುಗಳು ಉಳಿಯುತ್ತವೆ. ಸನ್‌ಬೋರ್ಡ್ ಎಂದರೆ ಬೆಳ್ಳಗಿನ, ಹಗುರವಾದ, ಚಾಕುವಿಗೆ ಬೆಣ್ಣೆಯಂತೆ ಬಗ್ಗುವ ಪ್ಲಾಸ್ಟಿಕ್ ಹಲಗೆ. ಕಸಕ್ಕೆ ಹೋಗುತ್ತಿದ್ದ ಆ ಅಂಚುಗಳನ್ನು ಮಾಲೀಕರನ್ನು ಕೇಳಿ ಮನೆಗೆ ತರತೊಡಗಿದೆ. ಯೂಟ್ಯೂಬ್ ನೋಡಿ ಕೈ ಕುದುರಿಸಿಕೊಂಡೆ. ಅಡಿಗೆ ಕಾಲಿಂಚು ನನ್ನ ಅಳತೆ. ಚಿಕ್ಕನಾಯಕನಹಳ್ಳಿಗೆ ಬಸ್ಸಿನಲ್ಲಿ ಹೋಗಿ ಒಂದು ಹಳೆ ಹೆಂಚಿನ ಹೋಟೆಲನ್ನು ಟೇಪು ಹಿಡಿದು ಅಳೆಯುತ್ತಿದ್ದಾಗ, ರಸ್ತೆ ಅಗಲ ಮಾಡಲು ಬಂದವಳೆಂದು ತಿಳಿದು ಅದರ ಯಜಮಾನ ಸೌಟು ಹಿಡಿದೇ ಆಚೆ ಬಂದಿದ್ದ. ನಾನೂ ಬಿಡಲಿಲ್ಲ, ಜಗಳ ಮುಗಿಸಿ, ಅಳತೆಯನ್ನೂ ಮುಗಿಸಿಕೊಂಡೇ ಬಂದೆ.

ನನ್ನ ಕೆಲಸದ ಗುಟ್ಟು ಒಂದೇ. ಪ್ಲಾಸ್ಟಿಕ್ಕನ್ನು ಮರದಂತೆ ಕಾಣಿಸುವುದು. ತಂತಿ ಬ್ರಷ್ಷಿನಿಂದ ಗೀರೆಳೆದು, ಕಂದು ಬಣ್ಣವನ್ನು ನೀರು ಮಾಡಿ ಬಳಿದು, ಒಣಗುವ ಮೊದಲೇ ಬಟ್ಟೆಯಿಂದ ಒರೆಸಿದರೆ ಐವತ್ತು ವರ್ಷದ ಹಳೆ ತೊಲೆಯ ಹಾಗೆ ಆಗುತ್ತದೆ. ನೋಡಿದವರು ಮುಟ್ಟಿ, ಇದು ಹಲಸಾ ಹೊನ್ನೆಯಾ ಎಂದು ಕೇಳಿದರೆ ನನಗೆ ಒಳಗೊಳಗೇ ಹಿಗ್ಗು. ನಾನು ಯಾರಿಗೂ ಅದು ಪ್ಲಾಸ್ಟಿಕ್ ಎಂದು ಹೇಳುತ್ತಿರಲಿಲ್ಲ. ಮನೆಯವರಿಗೂ ಹೇಳಿರಲಿಲ್ಲ. ಅವರು ಕೇಳಿದರೆ ತಾನೆ.

ಮನೆಯೆಂದರೆ ಬಿಳಿಗೆರೆ ಹತ್ತಿರದ ಹಳ್ಳಿಯಲ್ಲಿ ಅಣ್ಣ, ಅತ್ತಿಗೆ ಮತ್ತು ನಾನು. ನನ್ನನ್ನು ದಂಡಿನಶಿವರದ ಕಡೆ ಕೊಟ್ಟಿದ್ದರು. ಆ ಮನೆಯಲ್ಲಿ ಆರು ವರ್ಷ ಹಲ್ಲು ಕಚ್ಚಿ ಇದ್ದು, ಒಂದು ಬೆಳಿಗ್ಗೆ ಎರಡು ಬ್ಯಾಗು ಹಿಡಿದು ಬಸ್ಸು ಹತ್ತಿದೆ. ಅಪ್ಪ ಆಗ ಬದುಕಿದ್ದರು. ಯಾಕೆ ಬಂದೆ ಎಂದು ಕೇಳಲಿಲ್ಲ. ಊಟವಾದ ಮೇಲೆ ಅಣ್ಣನನ್ನು ಕರೆದು, ಅಟ್ಟದ ಕೊನೆಯ ಅಂಕಣ ಇವಳದು, ಇವಳು ಇರುವಷ್ಟು ದಿನ ಅದಕ್ಕೆ ಯಾರೂ ಕೈ ಹಾಕಬಾರದು ಎಂದರು. ಒಂದು ತೊಲೆಯಿಂದ ಇನ್ನೊಂದು ತೊಲೆಗೆ ಇರುವ ಜಾಗ ಒಂದು ಅಂಕಣ. ನಮ್ಮ ಅಟ್ಟಕ್ಕೆ ಅಂಥವು ಎಂಟು. ಏಳರಲ್ಲಿ ತೆಂಗಿನಕಾಯಿ, ಹಲಗೆ ಅಡ್ಡ ಹೊಡೆದ ಒಂದರಲ್ಲಿ ನಾನು. ಮೇಜು, ದೀಪ, ಕಿಟಕಿ, ನನ್ನ ಹನ್ನೊಂದು ಕಟ್ಟಡಗಳು. ಈ ಭೂಮಿಯ ಮೇಲೆ ನನ್ನದು ಎಂದು ಹೇಳಿಕೊಳ್ಳಲು ನನಗೆ ಇದ್ದದ್ದು ಅಷ್ಟೇ ಜಾಗ.

ನಮ್ಮ ಕಡೆ ಕಾಯಿಗೆ ಸಿಗುವ ಮರ್ಯಾದೆ ಮನುಷ್ಯರಿಗೆ ಸಿಗುವುದಿಲ್ಲ. ಒಮ್ಮೆ ಅಟ್ಟ ಏರಿದರೆ ಹತ್ತು ಹನ್ನೊಂದು ತಿಂಗಳು ಅಲುಗಾಡಿಸುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಮಗುವನ್ನು ಎತ್ತಿಕೊಂಡಂತೆ ಹೊರಗೆ ತೆಗೆಯುತ್ತಾರೆ. ಆ ಹತ್ತು ತಿಂಗಳು ಮಳೆ ಹಿಡಿದರೆ ಅಟ್ಟದ ಕೆಳಗೆ ನೆಲದ ಗುಂಡಿಯಲ್ಲಿ ಕಾಯಿ ಸುಲಿದ ಮಟ್ಟೆ ಹಾಕಿ ಹೊಗೆ ಕೊಡಬೇಕು, ಇಲ್ಲದಿದ್ದರೆ ಕಾಯಿಗೆ ಬೂಷ್ಟು. ಉರಿ ಏಳಬಾರದು, ಹೊಗೆ ನಿಲ್ಲಬಾರದು. ಅದಕ್ಕೆ ಯಾರಾದರೂ ಪಕ್ಕದಲ್ಲೇ ಕೂತಿರಬೇಕು. ಆ ಯಾರಾದರೂ ಎಂದರೆ ನಮ್ಮ ಮನೆಯಲ್ಲಿ ಯಾವಾಗಲೂ ಅತ್ತಿಗೆ.

ಅತ್ತಿಗೆಗೂ ನನಗೂ ಮೊದಲ ದಿನದಿಂದಲೂ ಆಗಿಬರಲಿಲ್ಲ. ಅವಳು ಜಗಳ ಮಾಡುವವಳಲ್ಲ, ಅದೇ ನನಗೆ ಸಹಿಸಲಾಗದ್ದು. ನನ್ನ ತಟ್ಟೆಗೆ ಮುದ್ದೆ ಇಡುವಾಗ ಒಂದು ಕ್ಷಣ ನಿಲ್ಲುತ್ತಿದ್ದಳು. ಆ ಒಂದು ಕ್ಷಣದಲ್ಲಿ ಏನಿರುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ನಾನು ಅಟ್ಟದಿಂದ ಇಳಿದಾಗ ನನ್ನ ಸೀರೆಗೆ ಅಂಟಿದ ಬಿಳಿ ಪುಡಿ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಅವಳು ಮಾತಾಡದೆ ಪೊರಕೆ ತರುತ್ತಿದ್ದಳು. ಪೊರಕೆಯ ಸದ್ದಿನಲ್ಲೇ ನನ್ನನ್ನು ಬೈಯುತ್ತಿದ್ದಾಳೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಚೂರುಗಳ ವಿಷಯಕ್ಕೆ ಬರುತ್ತೇನೆ. ಒಂದು ಕಟ್ಟಡ ಮುಗಿಯುವ ಹೊತ್ತಿಗೆ ಅದರ ಎರಡರಷ್ಟು ಚೂರು ಉಳಿದಿರುತ್ತದೆ. ಕತ್ತರಿಸುವಾಗ ತಪ್ಪಿದ ಕಿಟಕಿ ಚೌಕಟ್ಟು, ಅರ್ಧ ಬಣ್ಣ ಬಳಿದ ತೊಲೆ, ಒಂದು ಸಾಲು ಹೆಚ್ಚಾದ ಹೆಂಚು, ಮಾತ್ರೆಯ ಹಾಳೆ, ಬಳೆಚೂರು, ಪೊರಕೆಕಡ್ಡಿಯ ತುದಿ, ಪೆನ್ನಿನ ರೀಫಿಲ್ಲು. ಹೆಬ್ಬೆರಳ ಉಗುರಿಗಿಂತ ದೊಡ್ಡದಾದ ಯಾವುದನ್ನೂ ನಾನು ಎಸೆಯುವುದಿಲ್ಲ. ಮೊದಮೊದಲು ಬಿಸ್ಕತ್ತಿನ ಡಬ್ಬಗಳಲ್ಲಿ ಜೋಡಿಸಿಡುತ್ತಿದ್ದೆ, ಆಮೇಲೆ ಬಣ್ಣದ ಬಕೆಟ್ಟುಗಳಲ್ಲಿ, ಕೊನೆಗೆ ರಸಗೊಬ್ಬರದ ಚೀಲಗಳಲ್ಲಿ. ಇದರಿಂದ ಮುಂದಿನ ಕಟ್ಟಡಕ್ಕೆ ಏನಾದರೂ ಬರುತ್ತದೆ ಎಂಬ ಆಸೆ. ನಿಜ ಹೇಳಬೇಕೆಂದರೆ ಹತ್ತರಲ್ಲಿ ಒಂದು ಬರುತ್ತಿತ್ತು. ಉಳಿದ ಒಂಬತ್ತನ್ನು ಬಿಡಲು ಮನಸ್ಸಿರಲಿಲ್ಲ, ಯಾಕೆಂದರೆ ಬಿಡು ಎಂದು ಎಲ್ಲರೂ ಹೇಳುತ್ತಿದ್ದರು.

ಕಳೆದ ವರ್ಷ ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ಅಣ್ಣ ಮೆಟ್ಟಿಲು ಹತ್ತಿ ಬಂದ. ಅವನು ನನ್ನ ಅಂಕಣಕ್ಕೆ ಬರುವುದೇ ಅಪರೂಪ. ಪಕ್ಕದ ತೋಟವನ್ನೂ ಆ ವರ್ಷ ಅವನೇ ನೋಡಿಕೊಂಡಿದ್ದ, ಹೊಸ ಕಾಯಿ ರಾಶಿ ಅಂಗಳದಲ್ಲಿ ನೆನೆಯುತ್ತಿತ್ತು, ಹಳೆಯದು ಇನ್ನೂ ಇಳಿದಿರಲಿಲ್ಲ. ತೊಲೆಗೆ ಕೈ ಊರಿ ನಿಂತು, ನನ್ನ ಮುಖ ನೋಡದೆ ಹೇಳಿದ.

"ಈ ಅಂಕಣ ಖಾಲಿ ಮಾಡ್ಬೇಕು ಕಣೇ. ಮನೆ ಬೊಂಬೆನೆಲ್ಲ ಕೆಳಗೆ ಗೋಡೆ ಮೇಲೆ ಜೋಡ್ಸಾನ ಬುಡು. ಈ ಚೂರುಪಾರು ಮಾತ್ರ ಎಲ್ಲಾದ್ರೂ ಹಾಕು."

ಬೊಂಬೆ ಅಂದದ್ದಕ್ಕೇ ನನ್ನ ಅರ್ಧ ರಕ್ತ ಕುದಿಯಿತು. ಅಪ್ಪ ಹೇಳಿದ್ದನ್ನು ನೆನಪಿಸಿದೆ. ಅಪ್ಪ ಇದ್ದಾಗ ಕಾಯಿ ಇಷ್ಟಿರಲಿಲ್ಲ ಎಂದ. ಕಾಯಿ ಹೆಚ್ಚಾದರೆ ನಿನ್ನ ತಲೆಯ ಮೇಲೆ ಪೇರಿಸಿಕೋ ಎಂದೆ. ಅವನು ಅದಕ್ಕೂ ಸಿಟ್ಟಾಗದೆ, ಹಬ್ಬ ಕಳೆಯಲಿ, ಅಷ್ಟರಲ್ಲಿ ಏನು ಮಾಡಬೇಕು ಅಂತ ಯೋಚನೆ ಮಾಡು ಎಂದು ಇಳಿದುಹೋದ. ಮೆಟ್ಟಿಲ ಕೆಳಗೆ ಅತ್ತಿಗೆ ನಿಂತಿದ್ದಳು. ಈ ಐಡಿಯಾ ಯಾರದೆಂದು ನನಗೆ ಆಗಲೇ ತೀರ್ಮಾನವಾಗಿಹೋಯಿತು. ಚೂರಿನಿಂದ ಶುರುಮಾಡಿ ಕೊನೆಗೆ ನನ್ನನ್ನೇ ಆಚೆ ಹಾಕುತ್ತಾರೆ ಎಂದು ಲೆಕ್ಕ ಹಾಕಿದೆ.

ಆದರೂ ಅವರಿಗೆ ಬಾಯಿ ಬಿಡಲು ಅವಕಾಶ ಕೊಡಬಾರದೆಂದು, ಮೊದಲು ಊರಿನ ಶಾಲೆಗೆ ಹೋದೆ. ಮಕ್ಕಳು ಪ್ರಾಜೆಕ್ಟು ಅಂತ ಒದ್ದಾಡುತ್ತಾರೆ, ಕೊಟ್ಟರೆ ಉಪಯೋಗವಾಗುತ್ತದೆ ಎಂದುಕೊಂಡೆ. ಒಂದು ಡಬ್ಬ ಮಾದರಿಗೆ ಒಯ್ದಿದ್ದೆ. ಮೇಡಂ ಎರಡು ಬೆರಳಲ್ಲಿ ಒಂದು ಕಿಟಕಿ ಎತ್ತಿ ನೋಡಿ, ತುಂಬಾ ಚೆನ್ನಾಗಿದೆ ಎಂದರು. ಆಮೇಲೆ, ಇದನ್ನೆಲ್ಲ ಅಂಟಿಸಿ ಒಂದು ಗಾಳಿಯಂತ್ರವೋ ಜ್ವಾಲಾಮುಖಿಯೋ ನೀವೇ ಮಾಡಿಕೊಟ್ಟರೆ ಮಕ್ಕಳ ಹೆಸರು ಬರೆದು ಇಡುತ್ತೇವೆ ಎಂದರು. ಮಕ್ಕಳು ಮಾಡುವುದಿಲ್ಲವಾ ಎಂದು ಕೇಳಿದೆ. ಬ್ಲೇಡು ಕೊಡಲು ಆಗುವುದಿಲ್ಲವಲ್ಲ ಎಂದು ನಕ್ಕರು. ಡಬ್ಬದ ಮುಚ್ಚಳ ಹಾಕಿಕೊಂಡು ನಮಸ್ಕಾರ ಕೂಡ ಹೇಳದೆ ಬಂದೆ.

ಆಮೇಲೆ ಗುಜರಿಯವನು. ವಾರಕ್ಕೊಮ್ಮೆ ಗಾಡಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಬರುತ್ತಾನೆ. ಅತ್ತಿಗೆ ತೋಟಕ್ಕೆ ಹೋಗಿದ್ದ ಹೊತ್ತು ನೋಡಿ ಅವನನ್ನು ನಿಲ್ಲಿಸಿದೆ. ಚೀಲ ಬಿಚ್ಚಿ, ಕೈ ಆಡಿಸಿ, ಇದು ಮರವೂ ಅಲ್ಲ, ರಟ್ಟೂ ಅಲ್ಲ ಎಂದ. ಬೆಂಕಿಕಡ್ಡಿ ಗೀರಿ ಒಂದು ತುಂಡಿನ ಅಂಚಿಗೆ ಹಿಡಿದ. ಕಪ್ಪು ಹೊಗೆ ಎದ್ದು, ಗಂಟಲು ಕೊರೆಯುವ ಘಾಟು ಬಂತು. ಅವನು ಮುಖ ತಿರುಗಿಸಿ, ಇದು ಕರಗಿಸಿ ಮತ್ತೆ ಬಳಸುವ ಪ್ಲಾಸ್ಟಿಕ್ಕಲ್ಲ, ಅದರ ಮೇಲೆ ಬಣ್ಣ, ಅಂಟು, ಯಾರೂ ತೆಗೆದುಕೊಳ್ಳುವುದಿಲ್ಲ, ಇದರ ಹೊಗೆ ಕುಡಿಯಬೇಡಿ ಅಕ್ಕ ಎಂದ. ತಂತಿಯ ಚೂರುಗಳನ್ನು ಮಾತ್ರ ಆರಿಸಿಕೊಂಡ. ಊರೂರಿನ ಕಸ ಹೊರುವವನೂ ಬೇಡ ಎಂದನಲ್ಲ ಎಂದು ನನಗೆ ಅವಮಾನವಾಯಿತು. ಅವನಿಗೂ ಎರಡು ಮಾತು ಬೈದೇ ಕಳಿಸಿದೆ.

ಒಂದು ಭಾನುವಾರ ಇಡೀ ದಿನ ಕೂತು ಬೇರ್ಪಡಿಸಿದೆ. ಇದು ಬೇಕು, ಇದು ಬೇಡ. ಬೇಕಾದದ್ದು ಐದು ಡಬ್ಬ ಆಯಿತು, ಬೇಡದ್ದು ನಾಲ್ಕು ಚೀಲ. ನಾಲ್ಕನ್ನೂ ಬಾಯಿ ಕಟ್ಟಿ ಗೋಡೆಗೆ ಒರಗಿಸಿದೆ. ಫ್ಲೆಕ್ಸ್ ಅಂಗಡಿಯ ಕಸದ ಗಾಡಿಗೆ ಒಂದೊಂದೇ ಒಯ್ದು ಹಾಕುವುದು ಎಂದು ಮನಸ್ಸಿನಲ್ಲಿತ್ತು. ಬಸ್ಸಿನಲ್ಲಿ ಒಯ್ಯಬಹುದಿತ್ತು ಕೂಡ. ಆದರೆ ಅಣ್ಣ ಅಂದೇ ಸಂಜೆ, ಚೀಲ ಕಟ್ಟಿದೆಯಂತಲ್ಲ, ತೆಂಗಿನ ಪಾತಿಗೆ ಹಾಕಿಬಿಡಲಾ ಎಂದು ಕೇಳಿದ. ನಮ್ಮವರಿಗೆ ಗರಿ, ಮಟ್ಟೆ, ಬೂದಿ, ಸಗಣಿ ಎಲ್ಲವೂ ಮರದ ಬುಡಕ್ಕೇ ಹೋಗಬೇಕು, ಹಾಕಿದ್ದೆಲ್ಲ ಮಣ್ಣಾಗುತ್ತದೆ. ಇದು ಮಣ್ಣಾಗುವುದಿಲ್ಲ, ಇದು ಪ್ಲಾಸ್ಟಿಕ್ಕು ಎಂದು ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಇವನಿಗೆ ಬಿಡಿಸಿ ಹೇಳುವುದೇನು ಎಂಬ ಸೊಕ್ಕು ನನಗೆ. ಚೀಲ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಷ್ಟೇ ಹೇಳಿದೆ. ಹಠಕ್ಕೆ ಚೀಲಗಳನ್ನು ಅಲ್ಲೇ ಬಿಟ್ಟೆ, ಹಬ್ಬ ಬಂತು, ಹಬ್ಬ ಹೋಯಿತು.

ಹಬ್ಬದ ಹಿಂದೆಯೇ ಮಳೆ ಹಿಡಿಯಿತು. ಐದು ದಿನ ಬಿಸಿಲೇ ಇಲ್ಲ. ಮಟ್ಟೆಯ ರಾಶಿ ಮೇಲಿಂದ ಕೆಳಗಿನವರೆಗೆ ನೆನೆದುಹೋಗಿತ್ತು. ಅಣ್ಣ ನೆಂಟರ ಮನೆಯ ತಿಥಿಗೆಂದು ತುರುವೇಕೆರೆಗೆ ಹೋಗಿದ್ದ, ಬರುವುದು ಮೂರನೆಯ ದಿನಕ್ಕೆ. ಹೋಗುವಾಗ, ಹೊಗೆ ನಿಲ್ಲಿಸಬೇಡ, ಕಾಯಿ ಇನ್ನು ಎರಡು ಮೂರು ತಿಂಗಳಲ್ಲಿ ಇಳಿಯುವಂಥವು ಎಂದು ಅತ್ತಿಗೆಗೆ ಹೇಳಿ ಹೋಗಿದ್ದನಂತೆ. ನಾನು ಎಂದಿನಂತೆ ಕೆಲಸಕ್ಕೆ ಹೋಗಿ ಸಂಜೆ ಐದೂವರೆಯ ಬಸ್ಸಿಗೆ ವಾಪಸಾದೆ.

ಬೀದಿಯ ತುದಿಯಲ್ಲೇ ಆ ಘಾಟು ಮೂಗಿಗೆ ಬಡಿಯಿತು. ಗುಜರಿಯವನ ಬೆಂಕಿಕಡ್ಡಿಯ ವಾಸನೆ. ಛತ್ರಿ ಎಸೆದು ಒಳಗೆ ಓಡಿದೆ. ಅಟ್ಟದ ಕೆಳಗಿನ ಕೋಣೆಯಲ್ಲಿ ಅತ್ತಿಗೆ ಮಣೆಯ ಮೇಲೆ ಕೂತಿದ್ದಳು, ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದಳು. ಪಕ್ಕದಲ್ಲಿ ನನ್ನ ಚೀಲ, ಅರ್ಧ ಖಾಲಿ. ಒದ್ದೆ ಮಟ್ಟೆಯ ಮೇಲೆ ನನ್ನ ಕಿಟಕಿಗಳು, ತೊಲೆಗಳು ಸುರುಟಿಕೊಂಡು ಕರಗುತ್ತಿದ್ದವು. ಅವಳು ಅದನ್ನು ಬಣ್ಣ ಬಳಿದ ಮರದ ಬೆಂಡು ಎಂದುಕೊಂಡಿದ್ದಳು. ಬೆಳ್ಳಗಿದೆ, ಹಗುರವಾಗಿದೆ, ಒಣಗಿದೆ, ಮೇಲೆ ಮರದ ಗೆರೆ ಇದೆ. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಂಥದ್ದು ಇನ್ನೇನಾಗಿರಲು ಸಾಧ್ಯ. ಒಣಗಿದ್ದೆಲ್ಲ ಸೌದೆ.

ನಾನು ನೇರ ಅಟ್ಟಕ್ಕೆ ಹತ್ತಿದೆ. ಬೇಡವೆಂದು ಕಟ್ಟಿಟ್ಟ ಚೀಲಗಳಲ್ಲಿ ಒಂದನ್ನು ಬಿಟ್ಟರೆ ಅವಳು ಬೇರೇನನ್ನೂ ಮುಟ್ಟಿರಲಿಲ್ಲ. ಡಬ್ಬಗಳು ಹಾಗೇ ಇದ್ದವು. ಕಟ್ಟಡಗಳ ಮೇಲೆ ಹೊಗೆ ಕೂರದಿರಲೆಂದು ತನ್ನ ಎರಡು ಹಳೆ ಸೀರೆಗಳನ್ನು ಹೊದಿಸಿದ್ದಳು. ಅದನ್ನು ಕಂಡರೆ ಯಾರಿಗಾದರೂ ಮನಸ್ಸು ಮೆತ್ತಗಾಗಬೇಕು. ನನಗೆ ಆಗಲಿಲ್ಲ. ನನ್ನ ಕೆಲಸದ ಮೇಲೆ ಇವಳ ಉಟ್ಟುಬಿಟ್ಟ ಬಟ್ಟೆಯಾ ಎಂದು ಇನ್ನಷ್ಟು ಕೆರಳಿದೆ. ಸೀರೆಗಳನ್ನು ಕಿತ್ತು ಮೂಲೆಗೆಸೆದೆ.

ಆಗ ನನಗೆ ಅದು ಹೊಳೆಯಿತು. ಕೊಬ್ಬರಿ ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಡೀಸೆಲ್ ಪಂಪಿನ ಕೋಣೆಯಲ್ಲಿ ಕಾಯಿ ಇಟ್ಟು ಕೆಡಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ಮಟ್ಟೆಯ ಹೊಗೆ ಕಾಯಿಗೆ ಒಗ್ಗುತ್ತದೆ, ಈ ಹೊಗೆ ಒಗ್ಗುವುದಿಲ್ಲ. ಏಳು ಅಂಕಣದ ಕಾಯಿ ನನ್ನ ಚೂರಿನ ಹೊಗೆ ಕುಡಿಯುತ್ತಿದೆ. ಒಂದು ಚೀಲಕ್ಕೆ ನಿಂತರೆ ಬಹುಶಃ ಉಳಿಯಬಹುದು. ಕೆಳಗಿಳಿದು, ಇದು ಪ್ಲಾಸ್ಟಿಕ್ಕು, ತೆಗೆಯಿರಿ ಎಂದರೆ ಸಾಕು. ಅಟ್ಟದ ಮೆಟ್ಟಿಲ ಮೇಲೆ ಒಂದು ನಿಮಿಷ ಕೂತೆ. ಕಾಯಿಗಾಗಿ ನನ್ನ ಅಂಕಣ ಕೇಳಿದವರು ಇವರು. ಈಗ ಕಾಯಿ ನನ್ನ ಕೈಯಲ್ಲಿತ್ತು.

ಉಳಿದ ಮೂರು ಚೀಲಗಳನ್ನು ಒಂದೊಂದಾಗಿ ಹೊತ್ತು ಕೆಳಗೆ ತಂದು ಅವಳ ಪಕ್ಕದಲ್ಲಿಟ್ಟೆ. ಅವಳು ಬೆಚ್ಚಿ ನೋಡಿದಳು. ಕೇಳದೆ ತೆಗೆದದ್ದಕ್ಕೆ ಕೂಗಾಡುತ್ತೇನೆ ಎಂದು ಹೆದರಿ ಕೂತಿದ್ದಳೆಂದು ಕಾಣುತ್ತದೆ. ಇವೂ ಬೇಡದ್ದೇ, ಹಾಕಿಕೊಳ್ಳಿ ಎಂದೆ. ಅವಳ ಮುಖ ಅರಳಿತು. ನಾನು ಆ ಮನೆಗೆ ವಾಪಸು ಬಂದ ಮೇಲೆ ಅವಳು ನನ್ನನ್ನು ನೋಡಿ ಹಾಗೆ ನಕ್ಕಿದ್ದು ಅದೇ ಮೊದಲು. ಆಮೇಲೆ ಕೇಳಿದಳು.

"ಏನೋ ಘಾಟು ಬತ್ತೈತಲ್ಲ. ಬಣ್ಣದ್ದಾ?"

ಹೂಂ, ಬಣ್ಣದ್ದೇ, ಆರಿದ ಮೇಲೆ ಹೋಗುತ್ತದೆ ಎಂದೆ. ಹೇಳಿ, ಕಾಫಿ ಮಾಡಿಕೊಂಡು ನನ್ನ ಅಂಕಣಕ್ಕೆ ಹೋಗಿ, ಆಚೆ ಕಡೆಯ ಕಿಟಕಿ ತೆರೆದು, ನಡುವಿನ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಕೂತೆ.

ಅವಳು ಎರಡು ದಿನ ಆ ಕೋಣೆಯಲ್ಲಿ ಹೊಗೆ ಕಾಯ್ದಳು. ಒಂದೇ ಸಲ ಸುರಿಯದೆ, ಉರಿ ಏಳದ ಹಾಗೆ, ಹಿಡಿ ಹಿಡಿಯಾಗಿ ಹಾಕಿದಳು, ಅವಳ ಕೆಲಸ ಯಾವಾಗಲೂ ಅಚ್ಚುಕಟ್ಟು. ಆ ಎರಡು ದಿನ ನನಗೆ ಖುಷಿಯಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು. ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಒಬ್ಬಳೇ ನಗುತ್ತಿದ್ದೆ. ಅಣ್ಣ ತುರುವೇಕೆರೆಯಿಂದ ಬಂದು ಮೂಗು ಮುರಿದ. ಬಣ್ಣದ ವಾಸನೆಯಂತೆ ಎಂದು ಅತ್ತಿಗೆ ಹೇಳಿದಳು. ನಾನು ಚೀಲಗಳನ್ನು ಕೊಟ್ಟದ್ದನ್ನು ದೊಡ್ಡ ಉಪಕಾರವೆನ್ನುವಂತೆ ಹೇಳಿದಳು. ಅಣ್ಣನಿಗೆ ಸಂತೋಷವಾಗಿ, ಅಂಕಣದ ಮಾತು ಅಲ್ಲಿಗೆ ಬಿಟ್ಟು, ಹೊಸ ಕಾಯಿಗೆ ಅಂಗಳದಲ್ಲೇ ತಗಡು ಹೊದಿಸಿಕೊಂಡ. ನನ್ನ ಜಾಗ ಉಳಿಯಿತು. ಆಗಲಾದರೂ ಹೇಳಬಹುದಿತ್ತು. ಹೊಗೆ ಹಿಡಿದಾಗಿದೆ, ಹೇಳಿ ಏನು ಉಪಯೋಗ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಅವಳಿಗೆ ಕೆಮ್ಮು ಹತ್ತಿತು. ಬೆಳಗಿನ ಜಾವ ಹಿಡಿದರೆ ಹಾಲು ಕರೆಯುವವರೆಗೆ ಬಿಡುತ್ತಿರಲಿಲ್ಲ. ಥಂಡಿ ಎಂದು ಎಲ್ಲರೂ ಅಂದೆವು. ಶುಂಠಿ ಕಷಾಯ ಕುಡಿದಳು, ತಿಪಟೂರಿಗೆ ಹೋಗಿ ಮಾತ್ರೆ ತಂದಳು. ನಾನು ರಗ್ಗನ್ನು ಕಿವಿಯ ಮೇಲೆಳೆದುಕೊಂಡು, ನನ್ನ ನಿದ್ದೆ ಕೆಡಿಸಲೆಂದೇ ಕೆಮ್ಮುತ್ತಾಳೆ ಎಂದು ಶಪಿಸುತ್ತಿದ್ದೆ.

ಕಾರ್ತಿಕ ಕಳೆದ ಮೇಲೆ ಕಾಯಿ ಇಳಿಸಿದರು. ಸುಲಿದು, ಚಿಪ್ಪು ಒಡೆಯತೊಡಗಿದಾಗ ನಾನು ಬೇಕೆಂದೇ ರಜೆ ಹಾಕಿ ಜಗಲಿಯಲ್ಲಿ ಕೂತಿದ್ದೆ. ಮೊದಲ ಉಂಡೆಯನ್ನು ಅತ್ತಿಗೆ ತೆಗೆದು ಅಣ್ಣನ ಕೈಗೆ ಕೊಟ್ಟಳು. ನೋಡಲು ಚೆನ್ನಾಗಿತ್ತು, ಬಿರುಕಿಲ್ಲ, ಬೂಷ್ಟಿಲ್ಲ. ಅವನು ಮೂಸಿದ. ಮತ್ತೆ ಮೂಸಿದ. ಇನ್ನೊಂದನ್ನು ಒಡೆಸಿದ, ಹತ್ತನ್ನು ಒಡೆಸಿದ. ತಿಪಟೂರಿನ ಕೊಬ್ಬರಿ ಮಂಡಿಯಿಂದ ಮಾಲು ನೋಡಲು ಬಂದ ವ್ಯಾಪಾರಿ ಒಂದನ್ನು ಸೀಳಿ, ನಾಲಿಗೆ ತುದಿಗೆ ಮುಟ್ಟಿಸಿ, ಪಕ್ಕಕ್ಕೆ ಉಗುಳಿದ. ಇದು ತಿನ್ನುವ ಪದಾರ್ಥವಲ್ಲ ಯಜಮಾನರೇ ಎಂದು ಹೇಳಿ, ಚೀಲ ಕೂಡ ಇಳಿಸದೆ ಗಾಡಿ ತಿರುಗಿಸಿಕೊಂಡು ಹೋದ. ಎಣ್ಣೆಗೂ ಬರುವುದಿಲ್ಲ ಎಂದು ಹೋಗುವಾಗ ಹೇಳಿದ. ಹತ್ತು ತಿಂಗಳು ಕಾದದ್ದು ಅಂಗಳದಲ್ಲಿ ರಾಶಿಯಾಗಿ ಬಿದ್ದಿತ್ತು.

ಅಣ್ಣ ಎಂದೂ ದನಿ ಏರಿಸಿದವನಲ್ಲ. ಅಂದು ಏರಿಸಿದ. ಹೊಗೆಗೆ ಏನು ಹಾಕಿದೆ, ಕಣ್ಣಿಗೆ ಕಂಡದ್ದನ್ನೆಲ್ಲ ಗುಂಡಿಗೆ ಸುರಿಯಲು ನಿನಗೆ ಬುದ್ಧಿ ಬೇಡವೇ ಎಂದು ಅತ್ತಿಗೆಯನ್ನು ತರಾಟೆಗೆ ತೆಗೆದುಕೊಂಡ. ಅಕ್ಕಪಕ್ಕದವರು ಬೇಲಿಯ ಹತ್ತಿರ ಬಂದು ನಿಂತರು. ಇಪ್ಪತ್ತು ವರ್ಷ ಬಾಳಿದ ಹೆಂಗಸನ್ನು ನಿನ್ನ ಅಪ್ಪನ ಮನೆಗೆ ನಡೆ ಎಂದುಬಿಟ್ಟ. ಅವಳು, ಬೆಂಡು ಅಂದುಕೊಂಡೆ, ನಾನೇ ಹಾಕಿದೆ, ತಪ್ಪಾಯಿತು ಎಂದಳು. ನನ್ನ ಹೆಸರು ಎತ್ತಲಿಲ್ಲ. ನಾನು ಕಾಯುತ್ತಿದ್ದೆ, ಅವಳು ನನ್ನ ಕಡೆ ಬೆರಳು ತೋರಿಸಲಿ, ಆಗ ನಾನು ಏನು ಹೇಳಬೇಕು ಎಂಬುದನ್ನೆಲ್ಲ ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳು ತೋರಿಸಲೇ ಇಲ್ಲ. ಅದು ನನ್ನನ್ನು ಕೆರಳಿಸಿತು. ನಾನು ಎದ್ದು ನಿಂತೆ.

"ಮೂರು ಚೀಲ ತಂದು ಕೊಟ್ಟಿದ್ದು ನಾನು. ಅದು ಪ್ಲಾಸ್ಟಿಕ್ಕು. ಕಾಯಿಗೆ ವಾಸ್ನೆ ಹಿಡೀತದೆ ಅಂತ ಗೊತ್ತಿದ್ದೇ ಕೊಟ್ಟೆ."

ಇದನ್ನು ಪಶ್ಚಾತ್ತಾಪದಿಂದ ಹೇಳಿದೆ ಎಂದರೆ ಚೆನ್ನಾಗಿರುತ್ತಿತ್ತು. ಅಲ್ಲ. ಗೆದ್ದವರು ಯಾರು ಎಂಬುದು ಅವರಿಗೆ ತಿಳಿಯಲಿ ಎಂದು ಹೇಳಿದೆ. ಅಣ್ಣ ಮಟ್ಟೆಯ ರಾಶಿಯ ಮೇಲೆ ಕುಸಿದು ಕೂತ. ಆಮೇಲೆ ಎದ್ದು, ಆ ಅಂಕಣ ನೀನೇ ಇಟ್ಟುಕೋ, ಅಪ್ಪ ಕೊಟ್ಟದ್ದು, ನಾನು ಇನ್ನು ಕೇಳುವುದಿಲ್ಲ, ನನ್ನ ಹತ್ತಿರ ಮಾತಿಗೂ ಬರಬೇಡ ಎಂದು ಹೇಳಿ ತೋಟದ ಕಡೆ ನಡೆದ. ಬೇಲಿಯ ಹತ್ತಿರದವರೂ ಚದುರಿದರು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಅತ್ತಿಗೆ ಕೆಟ್ಟ ಕೊಬ್ಬರಿಯನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ನಾನು ನಿಂತೇ ಇದ್ದೆ. ಅವಳಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಬಾಯಿ ಒರೆಸಿಕೊಂಡು, ತಲೆ ಎತ್ತದೆಯೇ ಕೇಳಿದಳು.

"ಕಾಯಿಗೆ ಹಿಡೀತದೆ ಅಂತ ಗೊತ್ತಿತ್ತು ಅಂದ್ಯಲ್ಲ. ಎರಡು ದಿನ ಆ ಹೊಗೇಲಿ ಕೂತಿದ್ದೋಳು ನಾನಲ್ವೇನೇ?"

ಮೂರು ತಿಂಗಳು ನಾನು ದಿನಾ ಅಟ್ಟದ ಕಾಯಿಯ ಬಗ್ಗೆ ಯೋಚಿಸಿದ್ದೆ. ಯಾವ ಉಂಡೆಗೆ ಎಷ್ಟು ಘಾಟು ಹಿಡಿದಿರಬಹುದು, ಯಾರು ಮೊದಲು ಮೂಸುತ್ತಾರೆ, ಅಣ್ಣನ ಮುಖ ಹೇಗಾಗುತ್ತದೆ ಎಂದೆಲ್ಲ ಯೋಚಿಸಿದ್ದೆ. ಹೊಗೆ ಕುಡಿಯಬೇಡಿ ಅಕ್ಕ ಎಂದು ಗುಜರಿಯವನು ಹೇಳಿದ್ದನ್ನು ಕೇಳಿಸಿಕೊಂಡು, ನನ್ನ ಕಡೆಯ ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿಕೊಂಡವಳು ನಾನು. ಕೆಳಗೆ ಮಣೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ ಎಂಬುದು ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ.

ಅಂಕಣ ನನ್ನದಾಗಿಯೇ ಇದೆ, ಯಾರೂ ಕೇಳುವುದಿಲ್ಲ. ಅಣ್ಣ ಮಾತು ಬಿಟ್ಟಿದ್ದಾನೆ. ಅತ್ತಿಗೆ ನನ್ನ ತಟ್ಟೆಗೆ ಈಗಲೂ ಮುದ್ದೆ ಇಡುತ್ತಾಳೆ. ಬೆಳಗಿನ ಜಾವ ಈಗಲೂ ಕೆಮ್ಮುತ್ತಾಳೆ. ನಾನು ಎದ್ದು ಕೂತು, ಅದು ನಿಲ್ಲುವವರೆಗೆ ಕೇಳಿಸಿಕೊಳ್ಳುತ್ತೇನೆ.